ಔರಾದದ ನಂಬರು, ಮಸ್ಕತ್ತಿನ ದನಿ

2025ರ ಜನವರಿ 20, ಸೋಮವಾರ ಬೆಳಿಗ್ಗೆ ನೌಬಾದದ ನಿವೃತ್ತ ಶಿಕ್ಷಕಿ ಜ್ಞಾನಮ್ಮ ಬೀದರಿನ ಠಾಣೆಗೆ ಬಂದು, ತನ್ನ ಮಗಳು ಜೆನಿಫರಳನ್ನು ಯಾರೋ ಕೂಡಿ ಹಾಕಿದ್ದಾರೆ ಎಂದು ದೂರು ಕೊಟ್ಟರು. ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಹಾವಗೆಪ್ಪ ಎರಡನೇ ಸಾಲಿಗೇ ಪೆನ್ನು ನಿಲ್ಲಿಸಿದ. ಮಗಳು ಹೋದ ಮಾರ್ಚ್‌ನಿಂದ ಮಸ್ಕತ್ತಿನ ಆಸ್ಪತ್ರೆಯಲ್ಲಿ ನರ್ಸ್ ಎಂದೂ ಅವರೇ ಹೇಳಿದ್ದರು.

"ಅಕ್ಕೋರ, ಮಸ್ಕತ್ತಿನಾಗ ಇದ್ದಾಕೀನ ಇಲ್ಲಿ ಹ್ಯಾಂಗ ಕೂಡಿ ಹಾಕ್ತಾರ್ರಿ?"

"ಅದೇ ನನಗ ತಿಳೀವಲ್ದು. ಆಕಿ ಮಸ್ಕತ್ತಿನಾಗ ಅದೇನಿ ಅಂತಾಳ. ಫೋನು ಇಲ್ಲಿ ನಂಬರಿನಿಂದ ಬರ್ತದ."

ಹಾವಗೆಪ್ಪ ಅವರನ್ನು ಇನ್ಸ್‌ಪೆಕ್ಟರ್ ಮಹಾಮಾಯಾ ಅವರ ಕೋಣೆಗೆ ಕರೆದೊಯ್ದ. ಜ್ಞಾನಮ್ಮ ಕುರ್ಚಿಯ ತುದಿಯಲ್ಲಿ ಕೂತರು. ಮನೆಯ ಫೋನಿಗೆ ಮಗಳೇ ನಂಬರು ಕಾಣುವ ಯಂತ್ರ ಹಾಕಿಸಿ ಹೋಗಿದ್ದಳು. ಮೊದಮೊದಲು ಹೊರದೇಶದ ನಂಬರು ಬರುತ್ತಿತ್ತು, ಎರಡು ಮಾತಾಡುವಷ್ಟರಲ್ಲಿ ಆಕೆ ಇಡುತ್ತಿದ್ದಳು. ದೀಪಾವಳಿಯಿಂದೀಚೆ ತಾಸುಗಟ್ಟಲೆ ಮಾತಾಡುತ್ತಾಳೆ. ಆದರೆ ನಂಬರು ನಮ್ಮ ಕಡೆಯ ಮೊಬೈಲಿನದು, ಅದೂ ಸಲಕ್ಕೊಂದು. ತಿರುಗಿ ಹಚ್ಚಿದರೆ ಯಾರೂ ಎತ್ತುವುದಿಲ್ಲ.

"ದನಿ ಮಗಳದೇ?" ಮಹಾಮಾಯಾ ಕೇಳಿದರು.

"ಆಕೀದೇ. ಆದ್ರ ನಾ ಏನರೆ ಕೇಳಿದ್ರ ತಡದು ಜವಾಬು ಕೊಡ್ತಾಳ್ರಿ. ಬಾಜೂಕ ಯಾರೋ ನಿಂತು ಹೇಳಿಕೊಟ್ಟಂಗ. ಮೊನ್ನೆ 'ಅವ್ವಾ' ಅಂದಾಕಿ ಅಲ್ಲಿಗೇ ಕಟ್ ಆದಳು."

ಮಹಾಮಾಯಾ ಮಹಿಳೆ ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಿಸಿದರು. ಸಂಜೆ ಹಾವಗೆಪ್ಪನ ಜೊತೆ ನೌಬಾದದ ಮನೆಗೆ ಹೋಗಿ ಫೋನಿನ ಪಕ್ಕ ಕೂತರು. ಏಳರ ಸುಮಾರಿಗೆ ಫೋನು ಬಂತು. ಇಲ್ಲಿಯದೇ ನಂಬರು. ಮಹಾಮಾಯಾ ತಾವೇ ಎತ್ತಿದರು.

"ನಾನು ಬೀದರ್ ಪೊಲೀಸ್. ನೀವು ಎಲ್ಲಿದ್ದೀರಿ?"

ಆ ಕಡೆ ಮೌನ. ಆಮೇಲೆ, "ಮಸ್ಕತ್. ಅವ್ವಗ ಏನಾಯ್ತ್ರಿ?"

"ಅವ್ವ ಚೆನ್ನಾಗಿದ್ದಾರೆ. ಪಕ್ಕದಲ್ಲಿ ಯಾರಿದ್ದಾರೆ?"

ಮತ್ತೆ ಮೌನ. "ಯಾರೂ ಇಲ್ರಿ."

ಮುಖ ತೋರಿಸಿ ಎಂದರೆ, ಇಲ್ಲಿ ವಿಡಿಯೋ ಕಾಲು ನಡೆಯುವುದಿಲ್ಲ, ಊರಿಗೆ ಫೋನು ಮಾಡಲು ಅಂಗಡಿಯಲ್ಲಿ ಸಿಗುವ ಸೋವಿ ಕಾರ್ಡು ಹಾಕಿಕೊಂಡು ಮಾತಾಡುತ್ತೇನೆ ಎಂದಳು. ಹಿಂದೆ ಅಜಾನ್ ಕೇಳಿಸುತ್ತಿತ್ತು. ಮಹಾಮಾಯಾ ಫೋನಿಟ್ಟು ಹಾವಗೆಪ್ಪನ ಮುಖ ನೋಡಿದರು.

"ಅಜಾನ್ ಮಸ್ಕತ್ತಿನಾಗೂ ಕೂಗ್ತಾರ, ಬೀದರಿನಾಗೂ ಕೂಗ್ತಾರ್ರಿ ಮೇಡಮ್," ಎಂದ ಆತ.

ಎರಡು ದಿನದಲ್ಲಿ ಬಂದ ಉತ್ತರಗಳು ಗೊಂದಲ ಹೆಚ್ಚಿಸಿದವು. ಜೆನಿಫರ ಮಾರ್ಚ್‌ನಲ್ಲಿ ಹೈದರಾಬಾದಿನಿಂದ ವಿಮಾನ ಹತ್ತಿದ್ದು ಖರೆ, ವಾಪಸು ಬಂದ ದಾಖಲೆ ಇಲ್ಲ. ಆದರೆ ಸೋಮವಾರದ ಫೋನು ಬಂದದ್ದು ಔರಾದ ಪಟ್ಟಣದ ಟವರಿನಿಂದ. ಸಿಮ್ ಇದ್ದದ್ದು ಕಮಲನಗರದ ಶಾಲುಬಾಯಿ ಎಂಬವರ ಹೆಸರಿನಲ್ಲಿ.

ಜನವರಿ 23ರಂದು ಅವರು ಕಮಲನಗರಕ್ಕೆ ಹೋದರು. ಶಾಲುಬಾಯಿ ಬಾಜಾರಿನಲ್ಲಿ ಮೆಂತೆ ಸೊಪ್ಪು ಮಾರುತ್ತಿದ್ದಳು. ಪೊಲೀಸರನ್ನು ಕಂಡು ಬುಟ್ಟಿಗೆ ಸೆರಗು ಮುಚ್ಚಿದಳು.

"ಜೆನಿಫರ ಯಾರು?"

"ಠಾವುಕ್ ನಾಹೀ ಸಾಹೇಬ. ಗೊತ್ತಿಲ್ರಿ."

"ನಿಮ್ಮ ನಂಬರಿನಿಂದ ಆಕೆ ಸೋಮವಾರ ಫೋನು ಮಾಡಿದ್ದಾಳೆ."

"ನನ್ನ ಹತ್ರ ಫೋನೇ ಇಲ್ಲ," ಎಂದಳು ಶಾಲುಬಾಯಿ. ಜೈಲಿಗೆ ಹಾಕುತ್ತೀರೇನು ಎಂದು ಮೆಲ್ಲಗೆ ಕೇಳಿದಳು. ಮಹಾಮಾಯಾ ಆಕೆಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ಎಲ್ಲಿಯಾದರೂ ಹೆಬ್ಬೆಟ್ಟು ಒತ್ತಿದ್ದುಂಟೇ ಎಂದು ವಿಚಾರಿಸಿದರು. ಶಾಲುಬಾಯಿಗೆ ಆಗ ನೆನಪಾಯಿತು. ಶ್ರಾವಣದಲ್ಲಿ ಭಾಲ್ಕಿಯ ಹುಡುಗನೊಬ್ಬ ಬಾಜಾರಿನಲ್ಲಿ ಛತ್ರಿ ಹಾಕಿಕೊಂಡು ಸಿಮ್ ಕೊಡುತ್ತಿದ್ದ. ಮಗನಿಗಾಗಿ ಒಂದು ತೆಗೆದುಕೊಂಡಿದ್ದಳು. ಬೆರಳು ಮೂಡಲಿಲ್ಲ ಎಂದು ಹೇಳಿ ಅವನು ಎರಡೆರಡು ಸಲ ಒತ್ತಿಸಿಕೊಂಡಿದ್ದ.

ಒಂದು ಸಲದ ಹೆಬ್ಬೆಟ್ಟಿಗೆ ಸಿಮ್ ಮಗನ ಕೈಗೆ ಹೋಗಿತ್ತು. ಎರಡನೆಯದು ಎಲ್ಲಿಗೆ ಹೋಯಿತು?

ಆ ಹುಡುಗ ಕೈಲಾಶ ಮರುದಿನ ಭಾಲ್ಕಿ ಬಸ್ ನಿಲ್ದಾಣದ ಹತ್ತಿರ ಸಿಕ್ಕ. ಮೊದಲು ಇಲ್ಲ ಎಂದ. ಶಾಲುಬಾಯಿಯ ಹೆಸರು ಹೇಳಿದಾಗ ತಲೆ ತಗ್ಗಿಸಿದ.

"ಸಿಮ್ ಯಾರಿಗೆ ಕೊಟ್ಟೆ?"

"ಔರಾದದ ನರಸಿಂಗ ಕಾಕಾಗ್ರಿ. ಹಳೇ ಎಸ್‌ಟಿಡಿ ಬೂತಿನಾಂವ."

"ಒಂದೇ?"

"ಇಲ್ರಿ. ಬಾಳ ಕೊಟ್ಟೇನಿ."

ಅದೇ ಹೊತ್ತಿಗೆ ಶಾಲುಬಾಯಿಯ ಹೆಸರಿನ ನಂಬರಿನಿಂದ ಹೋದ ಕರೆಗಳ ವಿವರ ಕೈಗೆ ಬಂತು. ದಿನಕ್ಕೆ ನೂರಾರು ಕರೆ, ಎಲ್ಲವೂ ಒಂದೇ ಟವರಿನಿಂದ. ಹಾವಗೆಪ್ಪ ಕೆಲವು ಮನೆಗಳಿಗೆ ಫೋನು ಮಾಡಿದ. ಒಬ್ಬರ ಗಂಡ ದುಬೈ, ಒಬ್ಬರ ಅಣ್ಣ ದೋಹಾ, ಇನ್ನೊಬ್ಬರ ಸೊಸೆ ಮಸ್ಕತ್. ಮಹಾಮಾಯಾ ಟೆಲಿಕಾಂ ಇಲಾಖೆಯ ಎಂಜಿನಿಯರನ್ನು ಕರೆಸಿದರು. ಅಲ್ಲಿಯ ಮಾತು ಇಂಟರ್ನೆಟ್ ಮೇಲೆ ಔರಾದಕ್ಕೆ ಬರುತ್ತದೆ, ಇಲ್ಲಿ ಒಂದು ಯಂತ್ರ ಅದನ್ನು ಸ್ಥಳೀಯ ಸಿಮ್ಮಿಗೆ ದಾಟಿಸುತ್ತದೆ, ಅದಕ್ಕೇ ಹೊರದೇಶದ ದರ ತಪ್ಪುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಸುತ್ತು ಹಾದಿಯಾದ್ದರಿಂದ ದನಿ ತಡವಾಗಿ ಮುಟ್ಟುತ್ತದೆ.

"ಅಂದ್ರ ಆ ಹುಡುಗಿ ಬಾಜೂಕ ಯಾರೂ ನಿಂತಿಲ್ಲ," ಎಂದ ಹಾವಗೆಪ್ಪ.

"ಹೌದೋ ಅಲ್ಲವೋ ನೋಡೋಣ," ಎಂದರು ಮಹಾಮಾಯಾ. ಅವರಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಶನಿವಾರ ಮಧ್ಯಾಹ್ನ ಎರಡೂವರೆಗೆ ತಾಯಿಗೆ ಫೋನು ಮಾಡಿ ಮಾತಾಡುತ್ತಲೇ ಇರಬೇಕೆಂದು, ಆ ಸಂಜೆ ತಾಯಿಯ ಮನೆಗೆ ಫೋನು ಬಂದಾಗ ಜೆನಿಫರಳಿಗೆ ತಿಳಿಸಿದರು.

ಶನಿವಾರ ಆ ಹೊತ್ತಿಗೆ ಅವರು ಎಂಜಿನಿಯರ ಜೊತೆ ಔರಾದ ಮುಟ್ಟಿದಾಗ ಬೂತಿನ ಬಾಗಿಲು ಮುಚ್ಚಿತ್ತು. ಗೋಡೆಯ ಮೇಲಿನ ಹಳದಿ ಬಣ್ಣ ಹಾರಿ ಅಕ್ಷರಗಳ ಗುರುತಷ್ಟೇ ಉಳಿದಿತ್ತು. ಆದರೆ ಜನವರಿಯ ಚಳಿಯಲ್ಲಿ ಒಳಗೆ ಕೂಲರ್ ತಿರುಗುವ ಸದ್ದು ಬರುತ್ತಿತ್ತು. ಹಾವಗೆಪ್ಪ ಪಕ್ಕದ ಅಂಗಡಿಗಳಿಂದ ಇಬ್ಬರು ಪಂಚರನ್ನು ಕರೆತಂದು ಬಾಗಿಲು ಬಡಿದ.

ಅರುವತ್ತರ ಮೇಲಿನ ಗಂಡಸೊಬ್ಬ ಊರುಗೋಲಿನ ಮೇಲೆ ಬಂದು ಬಾಗಿಲು ತೆರೆದ. ಪೋಲಿಯೋದಿಂದ ಒಂದು ಕಾಲು ಸೊರಗಿತ್ತು. ಹಿಂದೆ ಅಂಗವಿಕಲರ ಕೋಟಾದಲ್ಲಿ ಈ ಬೂತು ಸಿಕ್ಕಿದ್ದು ಅವನಿಗೇ. ಒಳಗೆ ಗಾಜಿನ ಕೋಣೆ ಹಾಗೇ ಇತ್ತು. ಅದರೊಳಗೆ, ಹಿಂದೆ ಫೋನು ಇದ್ದ ಜಾಗದಲ್ಲಿ, ತುಂಬ ಸಿಮ್ ಕಾರ್ಡು ಹಾಕಿದ ಎರಡು ಕಪ್ಪು ಡಬ್ಬಿಗಳು. ಅವುಗಳ ಮೇಲೆ ಹಸಿರು ದೀಪಗಳು ಹತ್ತಿದ್ದವು.

"ನರಸಿಂಗ ನೀವೇನಾ?"

"ಹೌದ್ರಿ."

"ಇದು ಏನು?"

"ಗೊತ್ತಾಗೇ ಬಂದೀರಿ," ಎಂದ ನರಸಿಂಗ.

ಎಂಜಿನಿಯರು ತಂತಿಗೆ ಕೈ ಹಾಕಿದರು. ಆಗ ಆತ ಮೊದಲ ಸಲ ದನಿ ಎತ್ತರಿಸಿದ. "ಒಂಚೂರು ತಡೀರಿ. ಒಂಬತ್ತು ಮಂದಿ ಮಾತಾಡ್ಲಿಕತ್ಯಾರ. ಮುಗಸಲಿ."

ಮಹಾಮಾಯಾ ದೀಪಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಒಂದು ಆರಿತು, ಬೇರೊಂದು ಹತ್ತಿತು. ಇದು ಮುಗಿಯುವಂಥದಲ್ಲ ಎಂದು ತಿಳಿದು ತಲೆಯಾಡಿಸಿದರು. ಎಂಜಿನಿಯರು ತಂತಿ ಕಿತ್ತರು.

ಪಂಚನಾಮೆಯ ಮೊದಲ ಪುಟ ಬರೆಯುವಷ್ಟರಲ್ಲಿ ಮಹಾಮಾಯಾ ಅವರ ಮೊಬೈಲು ರಿಂಗಾಯಿತು. ಜ್ಞಾನಮ್ಮ.

"ಮೇಡಮ್, ಈಗ, ಈಗೇ ಆಕೀ ಬಾಯಿ ಮುಚ್ಚಿದರು. ನಾ ಮಾತಾಡ್ಲಿಕತ್ತಿದ್ದೆ..."

ಮಾತು ನಡುವೆ ಕಡಿಯುತ್ತದೆ ಎಂದು ತಾಯಿಗೂ ಮೊದಲೇ ಹೇಳಬೇಕಿತ್ತು ಎಂದು ಮಹಾಮಾಯಾ ಅವರಿಗೆ ಆಗ ಹೊಳೆಯಿತು. "ಅಕ್ಕೋರ, ಹೆದರಬ್ಯಾಡ್ರಿ. ಅದನ್ನ ಕಟ್ ಮಾಡಿದ್ದು ನಾವು. ನಿಮ್ಮ ಮಗಳು ಮಸ್ಕತ್ತಿನಾಗೇ ಅದಾಳ."

"ಹಂಗಾದ್ರ ಆಕಿ ನನಗ ಸುಳ್ಳು ಹೇಳಿಲ್ಲ," ಎಂದು ಜ್ಞಾನಮ್ಮ ಫೋನಿಟ್ಟರು.

ನರಸಿಂಗನನ್ನು ಬೀದರಿನ ಠಾಣೆಗೆ ತಂದು ಸಂಜೆ 5.40ಕ್ಕೆ ಬಂಧಿಸಲಾಯಿತು. ವಂಚನೆ ಮತ್ತು ದೂರಸಂಪರ್ಕ ಕಾಯ್ದೆಯ ಕಲಂಗಳು ಸೇರಿದವು, ಕೈಲಾಶ ಎರಡನೇ ಆರೋಪಿಯಾದ. ಯಂತ್ರ ತಂದಿಟ್ಟವನು ಹೈದರಾಬಾದಿನವನು, ಅವನ ಖರೆ ಹೆಸರು ನರಸಿಂಗನಿಗೂ ಗೊತ್ತಿರಲಿಲ್ಲ. ತಿಂಗಳಿಗೆ ಅವನು ಕೊಡುತ್ತಿದ್ದದ್ದು ಜಾಗದ ಬಾಡಿಗೆಗಿಂತ ಹೆಚ್ಚೇನಲ್ಲ.

"ಅಷ್ಟಕ್ಕಾಗಿ ಜೈಲು ಯಾಕ ಹಚ್ಚಿಕೊಂಡ್ರಿ?" ಹಾವಗೆಪ್ಪ ಕೇಳಿದ.

ನರಸಿಂಗ ಊರುಗೋಲನ್ನು ಗೋಡೆಗೆ ಆನಿಸಿ ಕೂತ. "ಬೂತ್ ಇದ್ದಾಗ ಕ್ಯೂ ನಿಲ್ತಿತ್ರಿ. ಒಳಗ ಹೋಗಿ ಅಳವರು, ನಗವರು. ಹೊರಗ ಬಂದು ನನ್ನ ಮುಂದ ಒಂದೀಟು ಕೂತು ಹೋಗವರು. ಎಲ್ಲಾರ ಕೈಯಾಗ ಮೊಬೈಲ್ ಬಂತು, ನನ್ನ ಕಡಿ ಯಾರೂ ಹಣಿಕಿ ಹಾಕಲಿಲ್ಲ. ಈ ಡಬ್ಬಿ ಬಂದ ಮ್ಯಾಲ ದೀಪ ಹತ್ತಿದ್ರ ಯಾರೋ ಬಂದಾರ ಅನ್ನಸ್ತಿತ್ತು. ಮಾತು ನನಗ ಕೇಳಸ್ತಿರಲಿಲ್ಲ. ನೋಡ್ಕೋತ ಕುಂದರ್ತಿದ್ದೆ."

ಇದನ್ನೂ ಬರೆಯಬೇಕೇ ಎಂಬಂತೆ ಹಾವಗೆಪ್ಪ ನೋಡಿದ. ಮಹಾಮಾಯಾ ಬರೆ ಎಂದರು. ಆಮೇಲೆ ನಿಯಮದ ಪ್ರಕಾರ ಕೇಳಿದರು, "ಬಂಧನದ ವಿಷಯ ಯಾರಿಗೆ ತಿಳಿಸಬೇಕು?"

"ತಂಗಿ ಅದಾಳ. ಬಗದಲ್‌ನಾಗ."

"ನಂಬರು ಹೇಳಿ."

"ನಂಬರ್ ನನ್ನ ಹತ್ರ ಇಲ್ರಿ."

"ಫೋನಿಲ್ಲವೇ ಆಕೆಗೆ?"

"ಇರಬೇಕು. ನಾ ಕೇಳೇ ಇಲ್ಲ."

ಹಾವಗೆಪ್ಪ ಎದ್ದು ಮಫ್ಲರ್ ಸುತ್ತಿಕೊಂಡ. ತಂಗಿಯ ಹೆಸರು, ಮನೆಯ ಗುರುತು ಕೇಳಿಕೊಂಡು, ಬೈಕ್ ತೆಗೆದುಕೊಂಡು ಬಗದಲ್ ಕಡೆಗೆ ಹೊರಟ.