ಸಾಸಲು ಡಾಕ್ಟರ ಕೈಗುಣ

ಮಾರ್ಚ್ ಹನ್ನೆರಡರ ಬೆಳಿಗ್ಗೆ ಠಾಣೆಗೆ ಬಂದ ನರೇಶ್, ಕೂರು ಎಂದರೂ ಕೂರಲಿಲ್ಲ.

“ನಮ್ಮಕ್ಕನ್ನ ಅವಳ ಸೊಸೆ ವಿಷ ಹಾಕಿ ಸಾಯಿಸವ್ಳೆ. ಬರ್ಕೊಳಿ ಸಾರ್.”

ಅಕ್ಕ ಎಂದರೆ ಸಾಸಲಿನ ಮುತ್ಯಾಲಮ್ಮ. ಹಿಂದಿನ ಸಂಜೆ ಮೈಯೆಲ್ಲ ಬೆವೆತು, ಮಾತು ತೊದಲಿ, ಆಂಬುಲೆನ್ಸಿನಲ್ಲೇ ಪ್ರಾಣ ಬಿಟ್ಟಿದ್ದಳು. ಹೆಡ್ ಕಾನ್‌ಸ್ಟೇಬಲ್ ಮುನಿಕೃಷ್ಣ ದೂರು ಬರೆದುಕೊಂಡ. ಅವನದೂ ಅದೇ ಊರು. ಸತ್ತವಳ ಕೈಯ ಮುದ್ದೆ ಉಂಡವನು. ಅನುಮಾನಾಸ್ಪದ ಸಾವು ಎಂದು ಪ್ರಕರಣ ದಾಖಲಾಗಿ, ದೇಹ ದೊಡ್ಡಬಳ್ಳಾಪುರಕ್ಕೆ ಮರಣೋತ್ತರ ಪರೀಕ್ಷೆಗೆ ಹೋಯಿತು.

ಆಂಬುಲೆನ್ಸಿನವರು ಒಂದು ಮಾತು ಹೇಳಿದ್ದರು: ಮುದುಕಿಯ ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿತ್ತು. ಮುತ್ಯಾಲಮ್ಮನಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಇದ್ದದ್ದು ಸೊಸೆ ಅಕ್ಷತಳ ತಂದೆಗೆ. ಅಕ್ಷತ ಹಿಂದಿನ ವಾರವಷ್ಟೇ ತವರಿಗೆ ಹೋಗಿ ಬಂದಿದ್ದಳು. ಮುನಿಕೃಷ್ಣನಿಗೆ ಅಷ್ಟೇ ಸಾಕಾಯಿತು.

ಇನ್‌ಸ್ಪೆಕ್ಟರ್ ಶಶಿರೇಖಾ ಅಂದು ಬಂದೋಬಸ್ತಿಗೆ ಹೋಗಿದ್ದರು. ಹೆಂಗಸರನ್ನು ಮನೆಯಲ್ಲೇ ವಿಚಾರಿಸಬೇಕೆಂಬ ಕಾನೂನು ಮುನಿಕೃಷ್ಣನಿಗೆ ಗೊತ್ತಿರಲಿಲ್ಲವೆಂದಲ್ಲ. ಆದರೂ ಮಹಿಳಾ ಪೇದೆಯನ್ನು ಕಳಿಸಿ ಅಕ್ಷತಳನ್ನು ಠಾಣೆಗೇ ಕರೆಸಿದ.

“ಅತ್ತೆಗೆ ಮಾತ್ರೆ ಕೊಡ್ತಿದ್ದೋರು ಯಾರು?”

“ನಾನೇ ಸಾರ್. ಮಂಡಿನೋವಿಗೆ ಉಮಾಶಂಕರ್ ಡಾಕ್ಟ್ರು ಕೊಟ್ಟಿದ್ದು. ದಿನಕ್ಕೆ ಮೂರು ಹೊತ್ತು.”

“ಅದರಲ್ಲಿ ನಿಮ್ಮಪ್ಪನ ಮಾತ್ರೆ ಎಷ್ಟು ಸೇರಿಸ್ದೆ?”

“ದೇವ್ರಾಣೆಗೂ ಇಲ್ಲ ಸಾರ್.”

“ದೇವರನ್ನ ಯಾಕೆ ಎಳೀತೀಯ? ನಿನ್ನ ಕೈಯ್ಯಾರೆ ಕೊಟ್ಟೆ ತಾನೆ?”

“ಕೊಟ್ಟೆ.”

ಸಂಜೆವರೆಗೂ ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದ. ಅವಳ ಗಂಡ ಮಂಜೇಶ್ ಹೊರಗೆ ನಿಂತಿದ್ದ. ಒಮ್ಮೆಯೂ ಹೆಂಡತಿಯ ಕಡೆ ಕಣ್ಣೆತ್ತಿ ನೋಡಲಿಲ್ಲ. ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಅವಳು ಮನೆ ಸೇರುವಷ್ಟರಲ್ಲಿ ಕೊಲೆಗಾತಿ ಎಂಬ ಹೆಸರು ಅವಳಿಗಿಂತ ಮುಂಚೆ ಹೋಗಿ ಕೂತಿತ್ತು.

ಮರುದಿನ ಶಶಿರೇಖಾ ಮುನಿಕೃಷ್ಣನಿಗೆ ಚೆನ್ನಾಗಿ ಛೀಮಾರಿ ಹಾಕಿದರು. ಆಮೇಲೆ ಪಂಚರನ್ನು ಕರೆದುಕೊಂಡು ಮುತ್ಯಾಲಮ್ಮನ ಮನೆಯಲ್ಲಿ ಪಂಚನಾಮೆ ನಡೆಸಿ, ಹಳೆಯ ಪೇಪರಿನ ಪೊಟ್ಟಣದಲ್ಲಿ ಉಳಿದಿದ್ದ ಬಿಳಿ ಮಾತ್ರೆಗಳನ್ನು ಜಪ್ತಿ ಮಾಡಿದರು. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರಲು ಏಪ್ರಿಲ್ ಆಯಿತು. ಪೊಟ್ಟಣದಲ್ಲಿದ್ದದ್ದೂ, ಹೊಟ್ಟೆಯಲ್ಲಿ ಸಿಕ್ಕಿದ್ದೂ ಸಕ್ಕರೆ ಇಳಿಸುವ ಮಾತ್ರೆಯೇ.

“ಬದಲಾಯಿಸವ್ಳೆ ಅಂತ ನಾನು ಹೇಳ್ನಿಲ್ವ?” ಎಂದ ನರೇಶ್.

“ಬದಲಾಯಿಸಿದ್ಳೋ, ಮೊದಲೇ ಹಂಗಿತ್ತೋ? ಕೊಟ್ಟೋರನ್ನ ಕೇಳೋಣ,” ಎಂದರು ಶಶಿರೇಖಾ.

ಮೂವತ್ತು ವರ್ಷದಿಂದ ಸಾಸಲಿನಲ್ಲೇ ಇರುವ ಉಮಾಶಂಕರ್ ಡಾಕ್ಟರೆಂದರೆ ಸುತ್ತಲಿನವರಿಗೆ ಕುಲದೇವರಿಗಿಂತ ಒಂದು ಗುಲಗಂಜಿ ಕಡಿಮೆ, ಅಷ್ಟೇ. ಅವರ ಕೈಗುಣ ದೊಡ್ಡದು ಎಂದು ನಂಬಿದ ಜನ. ಅವರೇ ಕೈಯಾರೆ ಪೊಟ್ಟಣ ಕಟ್ಟಿ ಕೊಡಬೇಕು, ಆಗಲೇ ಔಷಧಿ ನಾಟುವುದು. ಚೀಟಿ ಬರೆದು ಅಂಗಡಿಗೆ ಕಳಿಸುವ ಡಾಕ್ಟರು ಡಾಕ್ಟರೇ ಅಲ್ಲ.

“ನಾನು ಕೊಟ್ಟಿದ್ದು ನೋವಿನ ಮಾತ್ರೆ. ಮನೇಲಿ ಏನು ನಡೀತೋ ನಂಗೇನು ಗೊತ್ತಮ್ಮ?” ಎಂದರು ಡಾಕ್ಟರು.

“ಈ ಬಾಟಲಿಗಳ ಮೇಲೆ ಹೆಸರೇ ಇಲ್ವಲ್ಲ ಡಾಕ್ಟ್ರೇ?”

“ಹೆಸರು ಗೊತ್ತಾದ್ರೆ ಜನ ಅವರೇ ಅಂಗಡೀಲಿ ಕೇಳಿ ತಗೊಂಡು ನುಂಗ್ತಾರೆ. ಅದಕ್ಕೇ ಶೀಟಿಂದ ಬಿಡಿಸಿ ಬಾಟಲಿಗೆ ಹಾಕ್ತೀನಿ. ನನ್ನ ರೋಗಿಗೆ ನಾನು ಔಷಧಿ ಕೊಡಬಾರದು ಅಂತ ಕಾನೂನಿದ್ಯಾ?”

“ಇಲ್ಲ. ಆದ್ರೆ ಏನು ಕೊಟ್ಟೆ ಅಂತ ಬರೆದು ಕೊಡಬೇಕಲ್ವಾ?”

ಡಾಕ್ಟರು ಮುಂದಿನ ರೋಗಿಯನ್ನು ಕರೆದರು.

ಎದುರಿನ ಔಷಧಿ ಅಂಗಡಿಯ ಚಿನ್ನಸ್ವಾಮಿ ಮೊದಲು ಬಾಯಿ ಬಿಡಲಿಲ್ಲ. “ನಾನೇನಂದ್ರೂ ಹೊಟ್ಟೆಕಿಚ್ಚು ಅಂತಾರೆ ಮೇಡಂ. ಹೊಟ್ಟೆಕಿಚ್ಚೂ ಇದೆ, ಸುಳ್ಳು ಯಾಕೆ? ಆದ್ರೆ ಒಬ್ರು ಬರೀಬೇಕು, ಇನ್ನೊಬ್ರು ನೋಡಿ ಕೊಡಬೇಕು. ಅವರು ತಪ್ಪಿದ್ರೆ ನಾನು ಹಿಡೀತೀನಿ, ನಾನು ತಪ್ಪಿದ್ರೆ ಚೀಟಿ ಹಿಡಿಯುತ್ತೆ. ಅಲ್ಲಿ ಹಿಡಿಯೋರು ಯಾರವ್ರೆ?”

“ನಿನ್ನ ವ್ಯಾಪಾರ ನೀನು ನೋಡ್ಕೊಳಯ್ಯ,” ಎಂದು ಮುನಿಕೃಷ್ಣ ರೇಗಿದ.

ಶಶಿರೇಖಾ ಅವನತ್ತ ತಿರುಗಿದರು. “ಮುತ್ಯಾಲಮ್ಮ ಡಾಕ್ಟರ ಹತ್ರ ಹೋದ ದಿನ ಮಂಡಿನೋವು ಅಂತ ಇನ್ಯಾರು ಹೋಗಿದ್ರು? ವಿಚಾರಿಸ್ರೀ.”

ವಿಚಾರಿಸಬೇಕಾಗಿರಲಿಲ್ಲ. ಅಂದು ತನ್ನ ತಾಯಿ ಅಮ್ಮಯಮ್ಮನನ್ನು ಬೈಕಿನಲ್ಲಿ ಅಲ್ಲಿಗೆ ಬಿಟ್ಟು ಬಂದವನು ಅವನೇ. ಮುತ್ಯಾಲಮ್ಮನ ಪಕ್ಕದಲ್ಲೇ ಕೂರಿಸಿ ಬಂದಿದ್ದ. ಮನೆ ಮುಟ್ಟುವವರೆಗೂ ಅವನ ಜೀವ ಬಾಯಿಗೆ ಬಂದಿತ್ತು.

“ಅವ್ವಾ, ಡಾಕ್ಟ್ರು ಕೊಟ್ಟ ಮಂಡಿ ಮಾತ್ರೆ ಎಲ್ಲವ್ವಾ?”

“ಅದನ್ನ ನುಂಗ್ನೇ ಇಲ್ಲ ಕಣ್ಮಗ. ಅವರು ಮಂಡಿ ಮುಟ್ಟಿ ನೋಡಿದ್ರಲ್ಲ, ಅವತ್ತೇ ನೋವು ಹೋಯ್ತು. ಮುಂದಕ್ಕಾಯ್ತದೆ ಅಂತ ಮಡಗಿವ್ನಿ.”

ಸಾಸಿವೆ ಡಬ್ಬಿಯ ಹಿಂದೆ ಪೊಟ್ಟಣ ಹಾಗೇ ಇತ್ತು. ತಾಯಿಯನ್ನು ಉಳಿಸಿದ್ದು ಯಾವ ನಂಬಿಕೆಯೋ, ಮುತ್ಯಾಲಮ್ಮನನ್ನು ಕೊಂದದ್ದೂ ಅದೇ. ಮುನಿಕೃಷ್ಣ ಅಲ್ಲಿಂದಲೇ ಶಶಿರೇಖಾಗೆ ಫೋನ್ ಮಾಡಿದ. ಅವನಿಗೆ ಅಕ್ಷತಳ ಮುಖ ನೆನಪಾಯಿತು.

ಆ ಮಾತ್ರೆಯೂ ಸಕ್ಕರೆ ಇಳಿಸುವುದೇ ಎಂದು ವರದಿ ಬಂತು. ವೈದ್ಯರ ಸಮಿತಿಯ ಅಭಿಪ್ರಾಯವನ್ನೂ ಪಡೆದು, ಜೂನ್ ಮೂರರಂದು ಶಶಿರೇಖಾ ಕ್ಲಿನಿಕ್ಕಿಗೆ ಹೋದರು. ಅಮ್ಮಯಮ್ಮನ ಪೊಟ್ಟಣವನ್ನು ಮೇಜಿನ ಮೇಲೆ ಬಿಚ್ಚಿಟ್ಟರು.

“ಇದು ಯಾವ ಮಾತ್ರೆ ಡಾಕ್ಟ್ರೇ?”

ಉಮಾಶಂಕರ್ ಒಂದು ಮಾತ್ರೆಯನ್ನೆತ್ತಿ ಮೂಗಿನ ಹತ್ತಿರ ತಂದರು. ಕಿಟಕಿಯ ಬೆಳಕಿಗೆ ಹಿಡಿದರು. ಕೊನೆಗೆ ಕೆಳಗಿಟ್ಟರು.

“ಕಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮುಂದೂಡ್ತಾ ಬಂದೆ. ಬಾಟಲಿಗೆ ತುಂಬೋವಾಗ ಅದಲು ಬದಲಾಗಿತ್ತು.”

“ಯಾವಾಗ ಗೊತ್ತಾಯ್ತು?”

“ಮುತ್ಯಾಲಮ್ಮ ಸತ್ತ ಸುದ್ದಿ ಬಂದಾಗಲೇ. ಆ ಬಾಟಲೀದೆಲ್ಲ ಕಕ್ಕಸಿಗೆ ಸುರಿದ್ಬಿಟ್ಟೆ.”

ಮುನಿಕೃಷ್ಣನಿಗೆ ತಡೆಯಲಾಗಲಿಲ್ಲ. “ನಮ್ಮವ್ವಂಗೆ ಒಂದು ಫೋನ್ ಮಾಡ್ಬೋದಾಗಿತ್ತಲ್ಲ ಸಾರ್?”

“ಫೋನ್ ಕೈಗೆ ತಗೊಂಡೆ ಮುನಿಕೃಷ್ಣ. ಕೈಗುಣ ಕೈಗುಣ ಅಂತ ಕಾಲಿಗೆ ಬೀಳೋರಿಗೆ, ನನ್ನ ಕೈಯೇ ಹಾಳಾಗಿದೆ ಅಂತ ಹೇಳೋಕೆ ಬಾಯಿ ಬರ್ಲಿಲ್ಲ.”

“ಆ ಹುಡುಗಿ ಮೇಲೆ ಅಪವಾದ ಬಂದಾಗ?” ಕೇಳಿದರು ಶಶಿರೇಖಾ.

ಡಾಕ್ಟರು ತಲೆ ತಗ್ಗಿಸಿದರು. “ದೇವರೇ ದಾರಿ ತೋರಿಸ್ದ ಅಂದ್ಕೊಂಡೆ.”

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ ಎಂಬ ಕಲಮುಗಳಡಿ ಅವರನ್ನು ಬಂಧಿಸಲಾಯಿತು. ಕಾಸಿನಾಸೆಗೆ ಕೆಟ್ಟವರಲ್ಲ ಅವರು. ಬಡವರಿಗೆ ಎಷ್ಟೋ ಸಲ ಪುಕ್ಕಟೆ ನೋಡಿದವರು. ಊರು ಕೊಟ್ಟ ಒಂದು ಹೆಸರನ್ನು ಬಿಟ್ಟುಕೊಡಲಾರದೆ ಕೆಟ್ಟರು. ಜೀಪು ಹತ್ತುವಾಗ ಹೊರಗೆ ಕಾದಿದ್ದ ಮುದುಕಿಯೊಬ್ಬಳು ಅವರ ಕೈಹಿಡಿದು ಕಣ್ಣಿಗೊತ್ತಿಕೊಂಡಳು. ಅವರು ಕೈಯನ್ನು ಎಳೆದುಕೊಂಡರು.

ಅಂದು ಸಂಜೆ ಮುನಿಕೃಷ್ಣ ಮುತ್ಯಾಲಮ್ಮನ ಮನೆಗೆ ಹೋದ. ಅಕ್ಷತ ಜಗುಲಿ ಗುಡಿಸುತ್ತಿದ್ದಳು.

“ತಪ್ಪಾಯ್ತು ತಾಯಿ. ಡಾಕ್ಟ್ರು ಒಪ್ಕೊಂಡ್ರು. ನಿನ್ನದೇನೂ ಇಲ್ಲ.”

ಅವಳು ಪೊರಕೆ ಕೆಳಗಿಟ್ಟಳು. “ನೀವು ಕೇಳದೇ ಇದ್ದಿದ್ದು ಒಂದದೆ ಸಾರ್. ಅವತ್ತು ಮಧ್ಯಾಹ್ನ ಅತ್ತೆ ‘ಈ ಮಾತ್ರೆ ಬ್ಯಾಡ ಕಣಮ್ಮ, ತಲೆ ತಿರುಗ್ತದೆ’ ಅಂದ್ರು. ಡಾಕ್ಟ್ರಿಗಿಂತ ನಿಮಗೆ ಜಾಸ್ತಿ ಗೊತ್ತಾ ಅಂತ ಗದರಿಸಿ ನಾನೇ ನುಂಗಿಸ್ದೆ.”

ಅವನ ಜೇಬಿನಲ್ಲಿ ಪೆನ್ನಿತ್ತು. ಅವನು ಅದನ್ನು ಬರೆದುಕೊಳ್ಳಲಿಲ್ಲ.