ಬಲಚಕ್ರದಡಿಯ ಹಲಗೆ

ನಮ್ಮಪ್ಪ ಬಡಗಿ. ಕಾರಿನ ಹಿಂದೆ ಎಳೆದೊಯ್ಯುತ್ತಿದ್ದ ನಮ್ಮ ಪುಟ್ಟ ಟ್ರೈಲರ್ ಮನೆ ಒಂದು ನೂಲಿನಷ್ಟು ಓರೆಯಾಗಿ ನಿಂತರೂ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಮೆರಿಕದ ಮಿನೆಸೋಟದಲ್ಲಿ ಯಾವ ಸರೋವರಕ್ಕೆ ಹೋದರೂ ಮೊದಲು ಎಲ್ಲರೂ ಕೆಳಗಿಳಿಯಬೇಕು. ನೆಲದ ಮಟ್ಟ ತೋರುವ ರಸಮಟ್ಟದ ಗಾಳಿಗುಳ್ಳೆ ನಡುವಿಗೆ ಬರುವ ತನಕ ಅಪ್ಪ ಚಕ್ರದಡಿ ಹಲಗೆ ಕೊಡುತ್ತಿದ್ದ. ಆಮೇಲೆಯೇ ಅಮ್ಮ ಸ್ಟೌ ಹಚ್ಚಿ ಪ್ಯಾನ್‌ಕೇಕ್ ಹುಯ್ಯುತ್ತಿದ್ದಳು. ನಮ್ಮ ಬಾಲ್ಯದ ಸುಖವೆಲ್ಲ ಆ ವಾಸನೆಯಲ್ಲಿತ್ತು.

ಅರವತ್ತೊಂದರ ಆಗಸ್ಟ್, ನಡುಮಧ್ಯಾಹ್ನ. ನಡುವಿಗೆ ಬಂದು ನಿಂತ ಗುಳ್ಳೆ ಮತ್ತೆ ಮೆಲ್ಲಗೆ ಎಡಕ್ಕೆ ಸರಿಯಿತು. ಅಂದರೆ ಬಲಗಡೆ ಭಾರ ಬಿದ್ದಿತ್ತು. ಅಲ್ಲಿದ್ದ ತಂಗಿಯ ಮಂಚದ ಸ್ಪ್ರಿಂಗ್ ಕಿರ್ರೆಂದಿತು.

“ಮಾರ್ಲಿಸ್, ಇಳಿಯೇ ಕೆಳಗೆ! ಎಷ್ಟು ಸಲ ಬಡ್ಕೊಳ್ಳೋದು ನಿಂಗೆ?”

“ನಿನ್ನ ಬೆನ್ನ ಹಿಂದೇನೇ ಇದೀನಲ್ಲಪ್ಪಾ, ಕಣ್ಣು ಕಾಣ್ಸಲ್ವಾ?” ಎಂದು ತಂಗಿ ನಕ್ಕಳು.

ಅಪ್ಪ ಬಾಗಿಲು ತೆಗೆದು ನೋಡಿದ. ಒಳಗೆ ಯಾರೂ ಇರಲಿಲ್ಲ. ಅಷ್ಟು ಸೆಕೆಯಲ್ಲೂ ಅವಳ ಹಾಸಿಗೆ ಮಾತ್ರ ಒದ್ದೆಯಾಗಿ ತಣ್ಣಗೆ ಕೊರೆಯುತ್ತಿತ್ತು. ಅಪ್ಪ ಬಲಚಕ್ರದಡಿ ಇನ್ನೊಂದು ಹಲಗೆ ಕೊಟ್ಟ.

ಮೂರನೇ ದಿನ ಮಾರ್ಲಿಸ್ ಆ ಸರೋವರದಲ್ಲಿ ಮುಳುಗಿ ಸತ್ತಳು. ಅವಳಿಗೆ ಏಳು ವರ್ಷ.

ಮಣ್ಣು ಮಾಡಿ ಬಂದ ಮೇಲೆ ಅಪ್ಪ ಟ್ರೈಲರನ್ನು ಮನೆಯ ಗ್ಯಾರೇಜಿನಲ್ಲಿ ನಿಲ್ಲಿಸಿ ರಸಮಟ್ಟ ಇಟ್ಟ. ಎಂದೂ ಒಂದು ಹಲಗೆಯೂ ಬೇಕಿರದ ಆ ಸಮನೆಲದಲ್ಲಿ ಈಗ ಬಲಚಕ್ರದಡಿ ಎರಡು ಬೇಕಾದವು. ಅವನು ಸಿಟ್ಟಿನಿಂದ ಎರಡನ್ನೂ ಕಿತ್ತೆಸೆಯಲು ಬಗ್ಗಿದಾಗ ಅಮ್ಮ ಕೈ ಹಿಡಿದಳು.

“ತೆಗೀಬೇಡ್ರೀ. ಮಕ್ಕಳು ಮಲಗಿವೆ, ಉರುಳಿ ಬಿದ್ದಾವು.”

ಅವಳಿಗಿದ್ದದ್ದು ನಾವಿಬ್ಬರೇ ಮಕ್ಕಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ.