ಬಾಗಿಲ ಸುಣ್ಣ

೧೯೮೬ರ ಸೆಪ್ಟೆಂಬರ್ ೯, ಬೆಳಿಗ್ಗೆ ಏಳೂವರೆ. ಚನ್ನಪಟ್ಟಣದ ಠಾಣೆಗೆ ಏದುಸಿರು ಬಿಡುತ್ತ ಬಂದ ಕೃಷ್ಣಪ್ಪ ದೂರು ಕೊಟ್ಟ. ಕೆಂಗಲ್ ಬಳಿ ಕೀನ್ಯಾ, ಫಿಲಿಪೀನ್ಸ್‌ನಿಂದ ಬಂದವರಿಗೆ ರೇಷ್ಮೆ ಸಾಕಣೆ ಕಲಿಸುವ ಗುತ್ತಿಗೆ ಅವನದು. ರೇಷ್ಮೆಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಸಾಕುವವರಿಗಿಂತ ಕಲಿಸುವವರಿಗೇ ಸುಗ್ಗಿ. ಗುತ್ತಿಗೆ ಕೊಟ್ಟ ವಿದೇಶಿ ಸಂಸ್ಥೆಯವರು ಅಂದೇ ಗುಣಮಟ್ಟ ನೋಡಲು ಬರುವವರಿದ್ದರು. ನೋಡಿದರೆ, ಗೂಡು ಕಟ್ಟಲು ಹಣ್ಣಾಗುತ್ತಿದ್ದ ಹುಳುಗಳೆಲ್ಲ ಸತ್ತುಬಿದ್ದಿದ್ದವು.

"ಯಾರ ಮೇಲೆ ಅನುಮಾನ?" ಎಂದ ಸಬ್‌ಇನ್‌ಸ್ಪೆಕ್ಟರ್ ಬೋರಲಿಂಗಯ್ಯ.

"ಮಾಗಡಿಯೋನೊಬ್ಬ ನನ್ ಗುತ್ತಿಗೆ ಮ್ಯಾಲೆ ಕಣ್ಣಾಕವ್ನೆ ಸಾರ್."

ಎಫ್‌ಐಆರ್ ದಾಖಲಿಸಿ, ಪೇದೆ ಮುಕ್ತಿಯಾರ್‌ನೊಂದಿಗೆ ಬೋರಲಿಂಗಯ್ಯ ಸ್ಥಳಕ್ಕೆ ಹೋದ. ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಹುಳುಗಳು ತಲೆಯೆತ್ತಿ ಹಸಿರು ಕಕ್ಕಿದ್ದವು. ಎಲೆ ಮೂಸಿದರೆ ಹೊಗೆಸೊಪ್ಪಿನ ನಾತ. ಬೋರಲಿಂಗಯ್ಯ ಕನಕಪುರದಲ್ಲಿ ಹುಳುಗಳ ನಡುವೆಯೇ ಬೆಳೆದವನು; ಹೊಗೆಸೊಪ್ಪು ಹುಳಕ್ಕೆ ವಿಷವೆಂದು ಅವನಿಗೆ ಗೊತ್ತಿತ್ತು.

ಬಾಗಿಲಲ್ಲಿ ಸುಣ್ಣದ ನೀರಲ್ಲಿ ನೆನೆಸಿದ ಗೋಣಿಚೀಲ ಹಾಸಿತ್ತು. ಅಲ್ಲಿಂದ ಒಳಗೆ ಸಣ್ಣ ಪಾದಗಳ ಬಿಳಿ ಗುರುತು.

"ಈ ಸುಣ್ಣ ಯಾವಾಗ ಹಾಕ್ಸಿದ್ದು?"

ಕೃಷ್ಣಪ್ಪ ತಡವರಿಸಿದ. "ನಾವು ಹಾಕ್ಸಿಲ್ಲ ಸಾರ್. ಈ ಸಲ ಒಸಿ ಖರ್ಚು ಕಡಿಮೆ ಮಾಡಿದ್ವಿ."

"ಕೊಲ್ಲಕ್ ಬಂದೋರು ರೋಗ ತಗಲ್ಬಾರ್ದು ಅಂತ ಸುಣ್ಣ ತಂದು ಕಾಲದ್ದವ್ರೆ! ಇದು ಹುಳ ಸಾಕೋ ಹೆಂಗ್ಸಿನ ಹೆಜ್ಜೆ. ಯಾರದು?"

ತರಬೇತಿಗೆ ಬಂದವರಿಗೆ ಅಡುಗೆ ಮಾಡುವ ವರಲಕ್ಷ್ಮಮ್ಮ ಹೇಳಿದಳು: "ಪಕ್ಕದೂರಿನ ಬೀರಮ್ಮ, ಇನ್ಯಾರು? ವ್ಯಾನ್ ಬಾಡಿಗೆ ಉಳೀಲಿ ಅಂತ ಇವ್ರು ಒಂದೇ ದಿನ ರೋಗ ಬಂದ ಹುಳಮನೆ ತೋರ್ಸಿ, ಅದೇ ಬೂಟಲ್ಲಿ ಫಾರಿನ್‌ನೋರ್ನ ಅವ್ಳ ಹುಳಮನೆಗೆ ನುಗ್ಸುದ್ರು. ಹುಳ ಎಲ್ಲಾ ಕೊಳ್ತೋದ್ವು."

ಅಷ್ಟರಲ್ಲಿ ವಿದೇಶಿಯರ ಕಾರು ಬಂತು. ಬಂದವರು ಸುಣ್ಣದ ಬಗ್ಗೆ ಕೇಳಿದರು. ಹಾಕಿದ್ದು ಕೃಷ್ಣಪ್ಪನಲ್ಲ, ಕೊಲ್ಲಲು ಬಂದವರು ಎಂದು ಪಂಚನಾಮೆಯಲ್ಲಿದ್ದುದನ್ನು ಬೋರಲಿಂಗಯ್ಯ ಇದ್ದಂತೆಯೇ ಹೇಳಿದ.

ಮೂರು ಗಂಟೆಗೆ ಬೀರಮ್ಮ ತನ್ನ ಮನೆಯಂಗಳದಲ್ಲೇ ಸಿಕ್ಕಳು. ಒಡೆದ ಹಿಮ್ಮಡಿಯ ಸೀಳುಗಳಲ್ಲಿ ಸುಣ್ಣ ಇನ್ನೂ ಕೂತಿತ್ತು.

"ನೀನೇನಾ?"

"ನಾನೇ. ನನ್ ಹುಳ ಸತ್ತಿದ್ದೊಂದೇ ಆಗಿದ್ರೆ ಸಯಿಸ್ಕತಿದ್ದೆ. ಆಮ್ಯಾಕೆ ಆ ಕೃಷ್ಣಪ್ಪ ಹೊಸ ಫಾರಿನ್‌ನೋರ್ನ ಕರ್ಕಂಬಂದು, ಕೊಳಕು ಮನೆ ಅಂದ್ರೆ ಇದು ಅಂತ ನನ್ ಮನೇನೇ ತೋರ್ಸ್ದ."

"ಸುಣ್ಣ ಯಾಕಮ್ಮ?"

ಇದೂ ಒಂದು ಪ್ರಶ್ನೆಯೇ ಎಂಬಂತೆ ನೋಡಿದಳು. "ಹುಳಿನ ಮನೆಗೆ ಅಂಗೇ ನುಗ್ಗಕಾಯ್ತದಾ?"

ದಸ್ತಗಿರಿಯಾಯಿತು. ಆರೋಪಪಟ್ಟಿಗೆ 'ದ್ವೇಷ' ಎಂಬ ಒಂದು ಮಾತು ಸಾಕಿತ್ತು. ಮೊದಲೆಲ್ಲ ಹುಳು ಹಣ್ಣಾದರೆ ಗೂಡು ಕಟ್ಟಲು ಬಿಡುವುದಕ್ಕೆ ಊರವರು ಬೀರಮ್ಮನನ್ನೇ ಕರೆಯುತ್ತಿದ್ದರು. ಅವಳ ಕೈಗುಣ ಅಂಥದು. ಈಗ ಅವಳ ನೆರಳು ಕಂಡರೂ ಹುಳುಮನೆಗಳ ಬಾಗಿಲು ಮುಚ್ಚುತ್ತಿದ್ದವು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆ ಮಾನ ಕಳೆದವನು ಇನ್ನೊಬ್ಬನಾದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಸಂಜೆ ಲಾಕಪ್ಪಿನಿಂದ ಅವಳು ಕೇಳಿದ್ದು ಒಂದೇ. "ಅವ್ನ ಮೊಕ ಎಂಗಿತ್ತು?"

"ಕಾರಿನ ಹಿಂದೆ ಗೇಟ್ ಗಂಟ ಓಡ್ದ ಕಣಮ್ಮ," ಎಂದ ಮುಕ್ತಿಯಾರ್. "ಅವ್ರು ನಿಲ್ಸಲಿಲ್ಲ."

ಬೀರಮ್ಮ ಗಟ್ಟಿಯಾಗಿ, ಮನಸಾರೆ ನಕ್ಕಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಇನ್ನೊಂದಿನ ಇದ್ದಿದ್ರೆ ಗೂಡು ಕಟ್ಟೋವು," ಎಂದು ಅಳತೊಡಗಿದಳು.